ಮೊಣಕೈಯಿಂದ ಮುದ್ದು ಮಾಡುವ ಚಿಕ್ಕವ್ವ

ನಮ್ಮ ಚಿಕ್ಕವ್ವ ಇಡಿಯಾಗಿ ಒಂದೇ ಊರಿನಲ್ಲಿ ಇದ್ದದ್ದನ್ನು ಕಂಡವರಿಲ್ಲ! ಕೈ ಬ್ಯಾಡಗಿಯಲ್ಲಿ, ಪುಸ್ತಕ ಹಾವೇರಿಯಲ್ಲಿ, ಮನಸ್ಸು ರಾಣೆಬೆನ್ನೂರಿನಲ್ಲಿ. ಈ ಮೂರನ್ನೂ ಒಟ್ಟುಗೂಡಿಸಲು ರೈಲ್ವೆಯವರಿಂದಲೂ ಆಗಿಲ್ಲ.

ವಯಸ್ಸು ನಲವತ್ತೊಂದು. ವಾರವೆಲ್ಲ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಶನಿವಾರ ಸಂಜೆ ರಾಣೆಬೆನ್ನೂರಿನಲ್ಲಿ ಭರತನಾಟ್ಯ, ಅದೂ ಹತ್ತು ವರ್ಷದ ಹುಡುಗಿಯರ ಸಾಲಿನಲ್ಲಿ. ಭಾನುವಾರ ಹಾವೇರಿಯಲ್ಲಿ ದೂರಶಿಕ್ಷಣದ ಬಿ.ಎ. ತರಗತಿ. ಅಲ್ಲಿ ಇತಿಹಾಸ ಪಾಠ ಮಾಡುವ ದುರ್ದೈವಿ ಯಾರು ಗೊತ್ತೇ? ನಾನೇ!

ಮೊದಲ ಬೆಂಚೇ ಬೇಕು ಅವಳಿಗೆ. ಹೆಸರು ಕರೆದರೆ ಎದ್ದು ನಿಂತು "ಹಾಜರ್ ಸರ್" ಅನ್ನುತ್ತಾಳೆ. ಒಮ್ಮೆ ಪಾಠದ ನಡುವೆ ಕೈ ಎತ್ತಿದಳು. ಭಲೇ, ಸಂಶಯ ಕೇಳುವಷ್ಟು ಮುಂದುವರಿದಳಲ್ಲ ಎಂದು ಹಿಗ್ಗಿ, "ಕೇಳ್ರಿ" ಎಂದೆ.

"ಸರ್, ಮುಂಜಾನಿ ನಾಷ್ಟಾ ಮಾಡೀರೋ ಇಲ್ಲೋ? ಮಾರಿ ಬಾಡೈತಿ."

ಆ ದಿನ ತರಗತಿ ಅಲ್ಲಿಗೇ ಮುಗಿಯಿತು.

ರೈಲು ಹತ್ತಿದರಂತೂ ಅವಳು ಈ ಲೋಕದವಳೇ ಅಲ್ಲ. ಗಾಲಿಗಳ ಸದ್ದಿಗೆ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತವೆ. ಕಿಟಕಿಯಾಚೆ ಗೋವಿನಜೋಳದ ಹೊಲಗಳು ಹಿಂದೆ ಹಿಂದೆ ಸರಿಯುತ್ತವೆ, ಅರ್ಧ ಮುಚ್ಚಿದ ಕಣ್ಣಲ್ಲಿ ಇವಳು ಯಾವುದೋ ದೀಪದ ಬೆಳಕಿನ ವೇದಿಕೆಯ ಮೇಲೆ ಇರುತ್ತಾಳೆ. ಒಂದು ಶನಿವಾರ ರಾಣೆಬೆನ್ನೂರು ಬಂತು, ಹೋಯಿತು. ಹರಿಹರದಿಂದ ನನಗೆ ಫೋನು ಬಂತು.

"ಇಳಿಯೋದು ಬಿಟ್ಟು ಏನ್ ಮಾಡಾಕತ್ತಿದ್ದಿ ಚಿಕ್ಕವ್ವ?"

"ತಾಳ ಮುಗಿದಿರಲಿಲ್ಲೋ. ನಡುವ ಹೆಂಗ ಇಳೀಲಿ?"

ಇವೆಲ್ಲ ಹೋಗಲಿ ಎಂದರೆ, ಇವಳು ಮುದ್ದು ಮಾಡುವುದೂ ಮೊಣಕೈಯಿಂದ! ನನಗೆ ಮೂರು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅವ್ವನ ತಂಗಿಯಾದ ಇವಳು ಹತ್ತನೆಯ ತರಗತಿಯನ್ನು ಅರ್ಧಕ್ಕೇ ಬಿಟ್ಟು ನನ್ನನ್ನು ಸಾಕಲು ಬಂದಳು. ಉಳಿದ ಮಕ್ಕಳ ಕೆನ್ನೆಯನ್ನು ಅವರವ್ವಂದಿರು ಅಂಗೈಯಿಂದ ಸವರಿದರೆ, ನಾನು ಬಿದ್ದು ಅತ್ತಾಗ ನನ್ನ ಕಣ್ಣೀರು ಒರೆಸಲು ಬರುತ್ತಿದ್ದದ್ದು ಒಂದು ಚೂಪು ಮೊಣಕೈ. ಗೆಳೆಯರು ನಗುತ್ತಿದ್ದರು. ಅವಳ ಹುಚ್ಚಾಟಗಳಲ್ಲಿ ಅದೂ ಒಂದು ಎಂದುಕೊಂಡು ನಾನೂ ನಗುತ್ತಿದ್ದೆ.

ಈ ವರ್ಷ ಗ್ರಹಚಾರ ನೋಡಿ, ಬಿ.ಎ. ಪರೀಕ್ಷೆ, ನೃತ್ಯದ ಪರೀಕ್ಷೆ ಎರಡೂ ಒಂದೇ ದಿನ ಬಿದ್ದವು. ಬೆಳಿಗ್ಗೆ ಹಾವೇರಿ, ಮಧ್ಯಾಹ್ನ ರಾಣೆಬೆನ್ನೂರು.

"ಒಂದನ್ನರ ಬಿಡು ಚಿಕ್ಕವ್ವ" ಎಂದೆ.

"ಒಮ್ಮೆ ಸಾಲಿ ಬಿಟ್ಟ ನೋಡೇನಿ, ಸಾಕು. ಆದ್ರ ಮೊಣಕಾಲು ಮಾತು ಕೇಳವಲ್ವು. ಈ ಸಲ ಫೇಲಾದ್ರ ಗೆಜ್ಜಿ ಬಿಚ್ಚಿ ಇಟ್ಟಬಿಡತೇನಿ."

ಅದನ್ನು ಹೇಳುವಾಗ ಅವಳು ನಗಲಿಲ್ಲ.

ಪರೀಕ್ಷೆಯ ದಿನ ಕೊಠಡಿಯ ಮೇಲ್ವಿಚಾರಕರು ಗಾಬರಿಯಾಗಿ ನನ್ನನ್ನು ಹುಡುಕಿಕೊಂಡು ಬಂದರು. "ಸರ್, ಯಾರೋ ನಾಟಕದವರು ಬಂದು ಕುಂತಾರ್ರಿ!" ಹೋಗಿ ನೋಡಿದರೆ ಚಿಕ್ಕವ್ವ! ಜರಿಯ ಉಡುಗೆ, ತಲೆಯಲ್ಲಿ ಮಲ್ಲಿಗೆ, ಕಿವಿಯವರೆಗೆ ಕಾಡಿಗೆ, ಬೆರಳಿಗೆಲ್ಲ ಕೆಂಪು ಬಣ್ಣ. ಆಮೇಲೆ ಸಿಂಗರಿಸಿಕೊಳ್ಳಲು ಹೊತ್ತಿಲ್ಲವೆಂದು ಬೆಳಿಗ್ಗೆಯೇ ಮುಗಿಸಿ ಬಂದಿದ್ದಳು. ಪ್ರವೇಶಪತ್ರದ ಫೋಟೊಕ್ಕೂ ಈ ಮುಖಕ್ಕೂ ಎತ್ತಣಿಂದೆತ್ತ ಸಂಬಂಧ?

"ಇವರ ಗುರುತು ನಿಮಗ ಐತೇನ್ರಿ ಸರ್?" ಎಂದರು ಮೇಲ್ವಿಚಾರಕರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು, "ಅವ್ನ ಕುಂಡಿ ತೊಳದಾಕಿ ನಾನ. ಗುರುತು ಇಲ್ದ ಏನ್ರಿ?"

ಇಡೀ ಕೊಠಡಿ ಪ್ರಶ್ನೆಪತ್ರಿಕೆಯ ದುಃಖ ಮರೆತು ನಕ್ಕಿತು.

ಒಂದು ಗಂಟೆಗೆ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಾಣೆಬೆನ್ನೂರಿಗೆ ಹೊರಟೆ. ದಾರಿಯುದ್ದಕ್ಕೂ ನನ್ನ ಬೆನ್ನ ಮೇಲೆ ತಾಳ ಬೀಳುತ್ತಿತ್ತು. ಅಲ್ಲಿ ನಾನು ಕಿಟಕಿಯ ಬಳಿ ನಿಂತೆ. ಅಳುವ ಮಗುವನ್ನು ತಾಯಿ ಸಂತೈಸುವುದನ್ನು ಅಭಿನಯಿಸಬೇಕಿತ್ತು. ಹುಡುಗಿಯರೆಲ್ಲ ಇಲ್ಲದ ಮಗುವಿನ ಗಲ್ಲವನ್ನು ಚೆಂದದ ಬೆರಳುಗಳಿಂದ ಹಿಡಿದರು. ಚಿಕ್ಕವ್ವನ ಸರದಿ ಬಂತು. ಅವಳು ಮಗುವಿನತ್ತ ಓಡಿದಳು, ಕೈ ಚಾಚಿದಳು, ಥಟ್ಟನೆ ಹಿಂದಕ್ಕೆಳೆದುಕೊಂಡಳು. ಕೈ ತೊಳೆದಳು, ಮೂಸಿ ನೋಡಿದಳು, ಮತ್ತೆ ತೊಳೆದಳು. ಕೊನೆಗೆ ಎರಡೂ ಅಂಗೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು, ಬಗ್ಗಿ, ಮೊಣಕೈಯಿಂದ ಮೆಲ್ಲಗೆ ಕಣ್ಣೀರು ಒರೆಸಿದಳು.

ಪರೀಕ್ಷಕಿ ಬರೆಯುವುದನ್ನು ನಿಲ್ಲಿಸಿದರು. "ಇದನ್ನು ಯಾರು ಕಲಿಸಿದರು?"

"ಯಾರೂ ಕಲಿಸಿಲ್ರಿ. ಖಾರದ ಕೈಲೆ ಕೂಸಿನ ಕಣ್ಣು ಹೆಂಗ ಮುಟ್ಟೂದ್ರಿ?"

ಸಾಮ್ರಾಜ್ಯಗಳ ಪತನಕ್ಕೆ ಐದೈದು ಕಾರಣ ಬರೆಸುವ ನನಗೆ, ಇಷ್ಟು ವರ್ಷ ಈ ಒಂದು ಕಾರಣ ಹೊಳೆದಿರಲಿಲ್ಲ. ಮೆಣಸಿನಕಾಯಿಯ ಊರಲ್ಲೇ ಬೆಳೆದವನು ನಾನು!

"ಮುಂದಿನ ಪರೀಕ್ಷೆಗೆ ತಯಾರಾಗಿ" ಎಂದರು ಪರೀಕ್ಷಕಿ.

ಗೆಜ್ಜೆ ಘಲ್ಲೆನ್ನಿಸುತ್ತ ಓಡಿ ಹೊರಗೆ ಬಂದಳು. ನನ್ನ ಮುಖ ನೋಡಿ ನಿಂತಳು.

"ಪಾಸಾದಾಕಿ ನಾನು. ನೀ ಯಾಕ ಅಳಾಕತ್ತೀದಿ?"

ಅಭ್ಯಾಸಬಲದಿಂದ ಮೊಣಕೈ ಮೇಲೆದ್ದಿತು. ನಡುವೆಯೇ ತಡೆದು, ತನ್ನ ಅಂಗೈ ಮೂಸಿ ನೋಡಿಕೊಂಡಳು.

"ಇವತ್ತ ಖಾರ ಇಲ್ಲೋ" ಎಂದು ಮೆಲ್ಲಗೆ ಹೇಳಿ, ಎರಡೂ ಅಂಗೈಗಳನ್ನು ನನ್ನ ಕೆನ್ನೆಗಳ ಮೇಲಿಟ್ಟಳು.