ಚಾಲೂ ಇದ್ದ ಗಾಡಿಗೆ ಮತ್ತ ಚಾವಿ

ಹಿಟ್ನಾಳ ಕ್ರಾಸಿನ್ಯಾಗ ಹೈವೇ ಪಕ್ಕ ನಂದೊಂದು ತಗಡಿನ ಗ್ಯಾರೇಜ್ ಐತಿ. ಹೊಸಾ ಗಾಡಿಯವರು ಶೋರೂಮಿಗೆ ಹೋಗ್ತಾರ, ನನ್ನ ಕಡೆ ಬರೋವೆಲ್ಲ ಮುದಿ ಪಿಕಪ್ ಗಾಡಿ. ಮುದಿ ಗಾಡಿ ಬಂತಂದ್ರ ಅದರ ಬೆನ್ನಿಗೆ ಒಂದು ನಗಿ ಪ್ರಸಂಗ ಬಂದೇ ಬರ್ತೈತಿ, ಅದಕ್ಕ ನಾ ಏನೂ ಮಾಡಾಕ ಬರಂಗಿಲ್ಲ. ಅದರಾಗೂ ಒಬ್ಬ ಕಾಕಾ ಮತ್ತ ಅವರ ಗಾಡಿ ನನ್ನ ನಗಿಸಿದಷ್ಟು ಯಾರೂ ನಗಿಸಿಲ್ಲ. ಈಗ ಅದನ್ನ ಹೇಳಾಕ ಕುಂತ್ರ ಬರೇ ನಗಿ ಬರಂಗಿಲ್ಲ. ಆದ್ರೂ ಹೇಳ್ತೀನಿ. ನಗಿ ಬಂದ್ರ ನಕ್ಕಬಿಡ್ರಿ, ನನಗೇನೂ ಬ್ಯಾಸರ ಇಲ್ಲ.

ಕಾಕಾ ಅಂದ್ರ ನನ್ನ ಸ್ವಂತ ಕಾಕಾ ಅಲ್ಲ, ಬಾಯಿಮಾತಿನ ಕಾಕಾ. ಕನಕಗಿರಿ ಕಡೆ ಹಳ್ಳಿಯವರು. ಒಂದು ಹಳೇ ಬಿಳಿ ಪಿಕಪ್ಪು ಇತ್ತು, ಬಿಳಿ ಅಂತ ಅವರು ಹೇಳಿದ್ದಕ್ಕ ನಾವೂ ಅನ್ನತಿದ್ವಿ. ಅದರಾಗ ಗಂಗಾವತಿ ಮಿಲ್ಲಿಗೆ ಭತ್ತದ ಚೀಲ, ಸಂತಿಗೆ ಉಳ್ಳಾಗಡ್ಡಿ, ಮನಿ ಬದಲಿ ಮಾಡೋರ ಸಾಮಾನು ಹೇರ್ಕೊಂಡು ತಿರಗತಿದ್ರು. ಮಕ್ಕಳಿಲ್ಲ. ಮನಿ ಒಳಗ ಹೆಂಡತಿ ಚಿಗವ್ವ, ಮನಿ ಹೊರಗ ಗಾಡಿ, ಇಷ್ಟ ಅವರ ಸಂಸಾರ.

ಮೊದಲ ಕೇಳು, ಆಮ್ಯಾಲೆ ಬಿಚ್ಚು

ಮೊದಲನೇ ಸಲ ಬಂದಾಗ ನಾ ಪಾನಾ ಹಿಡ್ಕೊಂಡು ಬಾನೆಟ್ಟಿಗೆ ಕೈ ಹಾಕಿದೆ. ಕಾಕಾ ನನ್ನ ಕೈ ಹಿಡಿದ್ರು.

"ಅವಸರ ಯಾಕ ತಮ್ಮಾ? ಮೊದಲ ಅದು ಏನ್ ಹೇಳ್ತೈತಿ ಕೇಳು."

ಗಾಡಿ ಚಾಲೂ ಮಾಡಿ, ಕಣ್ಣು ಮುಚ್ಚಿ, ತಲಿ ಒಂದೀಟು ವಾಲಿಸಿ ನಿಂತ್ರು. ರಸ್ತಾದ ಮ್ಯಾಲೆ ಲಾರಿ ಹೊಂಟಾವು, ಬಾಜೂಕಿನ ಗಿರಣಿ ತಿರಗಾಕತ್ತೈತಿ, ಇವರಿಗೆ ಅದ್ಯಾವುದರ ಖಬರೂ ಇಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ತೆಗೆದು, "ಬೆಲ್ಟು ಸಡಲ ಆಗೇತಿ. ಸೈಲೆನ್ಸರ್ ಮ್ಯಾಲಿನ ಬೋಲ್ಟು ಒಂದು ಎಲ್ಲೋ ಬಿದ್ದು ಹೋಗೇತಿ" ಅಂದ್ರು. ಬಗ್ಗಿ ನೋಡಿದ್ರ ಎರಡೂ ಖರೇ.

ನನಗ ಸಿಟ್ಟ ಬಂತು. "ಎಲ್ಲಾ ನಿಮಗ ಗೊತ್ತಿದ್ದ ಮ್ಯಾಲೆ ನನ್ನ ಕಡೆ ಯಾಕ ಬಂದ್ರಿ ಕಾಕಾ?"

"ಕೇಳಾಕ ಬರ್ತೈತಿ, ಬಗ್ಗಾಕ ಬರಂಗಿಲ್ಲ" ಅಂದ್ರು. "ಸೊಂಟ ಹಿಡಿದೈತಿ."

ಮದುವಿ ಅರಿಶಿಣ

ಒಮ್ಮೆ ಕಾಕಾ ಲಗ್ನದ ಮಂದಿನ್ನ ಕರ್ಕೊಂಡು ಹೊಂಟಿದ್ರು. ನಡು ದಾರ್‍ಯಾಗ ರೇಡಿಯೇಟರ್ ಸೋರಿ ಗಾಡಿ ಬುಸುಬುಸು ಹೊಗಿ ಬಿಡಾಕತ್ತಿತು. ನನಗ ಫೋನ್ ಮಾಡಿದ್ರು.

"ಗಾಡಿ ಬಂದ್ ಮಾಡಿ ಪೂರಾ ಆರಾಕ ಬಿಡ್ರಿ. ಬಿಸಿ ಇದ್ದಾಗ ಮುಚ್ಚಳಾ ಮುಟ್ಟಬ್ಯಾಡ್ರಿ, ಕೈ ಸುಡ್ತೈತಿ" ಅಂದೆ. "ಆರಿದ ಮ್ಯಾಲೆ ನೀರಿನ ಜೋಡಿ ಅರಿಶಿಣ ಪುಡಿ ಹಾಕ್ರಿ. ಸಣ್ಣ ತೂತಿದ್ರ ಸದ್ಯಕ್ಕ ಮುಚ್ಚತೈತಿ."

"ಈ ಅಡವ್ಯಾಗ ಅರಿಶಿಣ ಎಲ್ಲಿಂದ ತರ್ಲಿ?" ಅಂದ್ರು. ಆಮ್ಯಾಲೆ ಹಿಂದ ತಿರುಗಿ ಲಗ್ನದ ಸಾಮಾನು ನೋಡಿರಬೇಕು. "ಹಾಂ, ಐತಿ, ಐತಿ" ಅಂತ ಫೋನ್ ಇಟ್ಟಬಿಟ್ರು.

ಗಾಡಿ ಹೊತ್ತಿಗೆ ಸರಿಯಾಗಿ ಲಗ್ನದ ಮನಿ ಮುಟ್ಟಿತು. ಮದುಮಗಗ ಸುತ್ತ ತಂಬಿಗಿ ಇಟ್ಟು, ನೂಲಿನ ಸುರಗಿ ಸುತ್ತಿ, ಅರಿಶಿಣ ಹಚ್ಚಾಕ ಕುಂದರಿಸಿ ಅರಿಶಿಣದ ಡಬ್ಬಿ ತೆಗೆದ್ರ ಒಳಗ ಏನೂ ಇಲ್ಲ. ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಾಕತ್ತಿದ್ರು. ಕಾಕಾ ಬಾಗಲದಾಗ ನಿಂತು, ಭಾಳ ಮರ್ಯಾದಿಂದ, "ಗಾಡಿಗೆ ಹಚ್ಚೀನ್ರೀ" ಅಂದ್ರು.

ಒಬ್ಬ ಮುದುಕಿ ಎದ್ದು ನಿಂತು ಹೇಳಿದಳಂತ: "ಹಂಗಾರ ಅಕ್ಕಿಕಾಳೂ ಅದರ ಮ್ಯಾಲೆ ಹಾಕ್ರೆವಾ, ಊಟಕ್ಕ ಏಳೋಣು."

ಮತ್ತ ಮತ್ತ ಕೆಡೋ ಸೆಲ್ಫ್

ಮುಂದ ಕೆಲವು ವರ್ಷಕ್ಕ ಒಂದು ವಿಚಿತ್ರ ಶುರುವಾತು. ಚಾವಿ ತಿರುವಿದ್ರ ಇಂಜಿನ್ ಎಬ್ಬಿಸೋ ಮೋಟಾರು, ನಾವು ಸೆಲ್ಫ್ ಅಂತೀವಿ, ಅದರ ಹಲ್ಲು ಮತ್ತ ಮತ್ತ ಸವ್ಯಾಕತ್ತಿದ್ವು. ಹೊಸಾದು ಹಾಕಿದೆ, ಹೋತು. ಸಾಮಾನು ಡುಪ್ಲಿಕೇಟ್ ಅಂತ ಅಂಗಡಿಯವನ ಜೋಡಿ ಜಗಳಾಡಿ ಬಂದೆ. ಇನ್ನೊಂದು ಹಾಕಿದೆ, ಅದೂ ಹೋತು. ಅಂಗಡಿಯವ ನನಗ, "ನಿನ್ನ ಕೈಗುಣಾನ ಸರಿ ಇಲ್ಲ" ಅಂದ.

ಒಂದಿನ ರಿಪೇರಿ ಮುಗಿಸಿ, ಗಾಡಿ ಚಾಲೂ ಇಟ್ಟು ಕಾಕಾಗ ಕೊಟ್ಟೆ. ಅವರು ಒಳಗ ಕುಂತ್ರು, ಚಾವಿ ಹಿಡಿದು ಮತ್ತೊಮ್ಮೆ ತಿರುವಿದ್ರು. ಓಡೋ ಇಂಜಿನ್ನಿಗೆ ಸೆಲ್ಫ್ ಹೋಗಿ ಬಡೀತು. ಕಿರ್ರ್ ಅಂತ ಅದೆಂಥಾ ಅವಾಜು ಬಂತಂದ್ರ, ಗಿರಣಿಯವ ಹೊರಗ ಬಂದ, ಚಹಾ ಕುಡಿಯೋರು ಹಲ್ಲು ಕಚ್ಚಿದ್ರು. ಕಾಕಾನ ಮಾರಿ ಮ್ಯಾಲೆ ಮಾತ್ರ ಏನೂ ಇಲ್ಲ. ಅವರು ಇನ್ನೊಮ್ಮೆ ತಿರುವಿದ್ರು.

ನಾ ಹೋಗಿ ಅವರ ಕೈ ಹಿಡಿದೆ. ಮೊದಲನೇ ದಿನ ಅವರು ನನ್ನ ಕೈ ಹಿಡಿದಿದ್ರು, ಇವತ್ತು ನಾ ಹಿಡಿದಿದ್ದೆ.

"ಯಾಕ ತಮ್ಮಾ?" ಅಂದ್ರು. "ಗಾಡಿ ಇನ್ನಾ ಚಾಲೂ ಆಗವಲ್ದಲ್ಲ. ಇಷ್ಟೊತ್ತನಕಾ ಏನ್ ರಿಪೇರಿ ಮಾಡಿದಿ?"

ರೊಟ್ಟಿ ಬಡಿಯೋ ಅವಾಜು

ಕೊಪ್ಪಳದ ಡಾಕ್ಟರು ಕಿವಿ ನರ ಹೋಗ್ಯಾವು, ಮಷೀನು ಹಾಕಿದ್ರೂ ಫಾಯದೆ ಇಲ್ಲ ಅಂದ್ರಂತ. ಕಾಕಾ ಗಾಡಿ ಮಾತ್ರ ಬಿಡಲಿಲ್ಲ. "ಅದನ್ನ ಬಿಟ್ಟು ನನಗ ಬ್ಯಾರೇ ಏನ್ ಬರ್ತೈತಿ?" ಅಂದ್ರು. ಅದಕ್ಕ ಚಿಗವ್ವ ಮನಿಗೆ ಕೀಲಿ ಹಾಕಿ ಗಾಡಿ ಹತ್ತಿದಳು. ಹಿಂದ ಹಾರ್ನ್ ಆದ್ರ ಗಂಡನ ತೊಡಿಗೆ ಒಂದು ಏಟು. ಚಾಲೂ ಇದ್ದ ಗಾಡಿಗೆ ಚಾವಿ ತಿರುವಾಕ ಹ್ವಾದ್ರ ಚೂಟೋದು.

ಗ್ಯಾರೇಜಿನ್ಯಾಗೂ ಆಕಿನೇ ಮುಂದ ಬಂದು ನಿಲ್ಲತಿದ್ದಳು.

"ಏನ್ ಅವಾಜು ಚಿಗವ್ವಾ?"

"ಒಳಗ ಯಾರೋ ರೊಟ್ಟಿ ಬಡ್ಯಾಕತ್ತಾರ ನೋಡಪಾ. ತೆಳ್ಳನ ರೊಟ್ಟಿ, ಕೈ ಜಲ್ದಿ ಐತಿ."

ನೋಡಿದ್ರ ಇಂಜಿನ್ ಒಳಗ ವಾಲ್ವ್ ಬಡಿಯೋ ಟ್ಯಾಪೆಟ್ ಸಡಲ ಆಗಿರತಿದ್ವು. ಇನ್ನೊಮ್ಮೆ, "ಸಾಸಿವಿ ಸಿಡ್ಯಾಕತ್ತೈತಿ, ಎಣ್ಣಿ ಭಾಳ ಕಾದೈತಿ" ಅಂದಳು. ಸೈಲೆನ್ಸರ್ ಒಡೆದಿತ್ತು. ಆಕಿ ಅಡಗಿ ಹೇಳೋದು, ನಾ ರಿಪೇರಿ ಮಾಡೋದು. ಒಂದು ಸಲಾನೂ ತಪ್ಪಲಿಲ್ಲ.

ಕಾಕಾ ನಮ್ಮಿಬ್ಬರ ತುಟಿ ನೋಡಿಕೋತ ನಿಂತಿರೋರು. ಒಂದಿನ ತಡೀಲಾರದ ಕೇಳಿದ್ರು: "ಅಡಗಿಮನಿ ಇಲ್ಲಿಗೆ ಬಂತು. ಇನ್ನ ನಾ ಹೋಗಿ ಒಲಿ ಮುಂದ ಕುಂದರ್ಲೇನು?"

ಪಿಸುಮಾತು

ಗಂಗಾವತಿ ಪ್ಯಾಟ್ಯಾಗ ಒಂದಿನ ಹಿಂದಿನಿಂದ ಬಸ್ಸು ಹಾರ್ನ್ ಹೊಡ್ಕೋತ ಬಂತು. ಚಿಗವ್ವ ತೊಡಿ ಬಡಿಯೋದರೊಳಗ ಕಾಕಾ ಗಾಡಿ ತಿರುಗಿಸಿಬಿಟ್ಟಿದ್ರು. ಒಂದು ಗೇಣಿನ್ಯಾಗ ತಪ್ಪಿತು. ಕಾಕಾಗ ಬಸ್ಸು ಬಂದಿದ್ದೂ ಗೊತ್ತಿಲ್ಲ, ಹೋಗಿದ್ದೂ ಗೊತ್ತಿಲ್ಲ. ಚಿಗವ್ವ ಮಾತ್ರ ಮನಿ ಮುಟ್ಟೋತನಕ ಗಂಡನ ತೊಡಿ ಮ್ಯಾಲಿಂದ ಕೈ ತೆಗೀಲಿಲ್ಲ.

ಮರದಿನ ಗ್ಯಾರೇಜಿಗೆ ಬಂದ್ರು. ಕಾಕಾ ಎದುರಿಗೆ ಸ್ಟೂಲ್ ಮ್ಯಾಲೆ ಚಹಾ ಕುಡಿಯಾಕತ್ತಿದ್ರು. ಚಿಗವ್ವ ನನ್ನ ಬಾಜೂಕ ಬಂದು ಸಣ್ಣ ದನಿಲೆ ಅಂದಳು: "ನನಗ ಈ ಮನಶ್ಯಾ ಬೇಕಪಾ. ಗಾಡಿ ಮುಗೀತು ಅಂತ ಹೇಳು, ನಿನ್ನ ಮಾತು ಕೇಳ್ತಾರ." ನಾನೂ ಅಷ್ಟ ಸಣ್ಣ ದನಿಲೆ ಹೂಂ ಅಂದೆ. ಡೀಸೆಲ್ ಪಂಪಿನ ವಾಯರ್ ಮೆಲ್ಲಕ ಕಳಚಿದೆ. ಇನ್ನ ದಬ್ಬಿದ್ರೂ ಗಾಡಿ ಏಳಂಗಿಲ್ಲ. ಕಾಕಾನ ಮುಂದ ಹೋಗಿ ಎರಡೂ ಕೈ ಅಲ್ಲಾಡಿಸಿ, "ಮುಗೀತು, ಸಾಮಾನು ಎಲ್ಲೂ ಸಿಗಂಗಿಲ್ಲ" ಅಂತ ತಿಳಿಸಿದೆ.

ಕಾಕಾ ಗಾಡಿ ನನ್ನ ಕಡೆನ ಬಿಟ್ಟು, ಅವತ್ತ ಬಸ್ ಹಿಡಿದು ಮನಿಗೆ ಹ್ವಾದ್ರು. ದಿನಾ ಬಸ್ಸಿಗೆ ಬರೋರು, ಗಾಡಿ ಬಾಜೂಕ ಸ್ಟೂಲ್ ಹಾಕಿ ಕುಂತು, ಬಾನೆಟ್ ಮ್ಯಾಲೆ ಅಂಗೈ ಇಟ್ಟು, ಸಂಜಿಗೆ ಎದ್ದು ಹೋಗೋರು. ನನಗ ಅವರ ಕಡೆ ತಿರುಗಿ ನೋಡಾಕೂ ಆಗ್ತಿರಲಿಲ್ಲ.

ಒಂದಿನ ಚಿಗವ್ವನ್ನೂ ಕರ್ಕೊಂಡು ಬಂದ್ರು. ಬಂದವರೇ ಬಾನೆಟ್ ಎತ್ತಿ, ಕಳಚಿದ ವಾಯರಿನ ತುದಿ ಹಿಡಿದು ನನಗ ತೋರಿಸಿದ್ರು.

"ಇದು ಅವತ್ತ ನನಗ ಗೊತ್ತಿತ್ತು."

ನಾ ಚಿಗವ್ವನ ಮಾರಿ ನೋಡಿದೆ, ಆಕಿ ನೆಲಾ ನೋಡಿದಳು. ಹೆಂಗ ಗೊತ್ತಾತು ಅಂತ ಕೈಲೆ ಕೇಳಿದೆ.

"ಊರಾಗಿನ ಮಂದಿ ಎಲ್ಲಾ ನನ್ನ ಮುಂದ ಒದರಿ ಮಾತಾಡ್ತಾರ. ನೀವಿಬ್ಬರು ಪಿಸುಪಿಸು ಅನ್ನಾಕತ್ತಿದ್ರಿ" ಅಂದ್ರು ಕಾಕಾ. "ಕೆಪ್ಪನ ಮುಂದ ಯಾರರ ಪಿಸುಗುಡತಾರೇನು, ಶಾಣ್ಯಾರಿರಾ?"

ನಗಬೇಕೋ ಅಳಬೇಕೋ ತಿಳೀಲಿಲ್ಲ. ಕಾಕಾ ಅಂಗಿ ಎತ್ತಿ, ಉಡದಾರಕ್ಕ ಕಟ್ಟಿದ್ದ ಚಾವಿ ಬಿಚ್ಚಾಕ ಹತ್ತಿದ್ರು. ಗಂಟು ಜಲ್ದಿ ಬಿಚ್ಚಲಿಲ್ಲ. ಬಿಚ್ಚಿ ನನ್ನ ಕೈಯಾಗ ಇಟ್ರು.

"ಆಕಿಗೆ ಅಂಜಿಕಿ ಹುಟ್ಟೇತಿ. ಇಷ್ಟ ವರ್ಷ ನನ್ನ ಬಾಜೂಕ ಕುಂತಾಕಿ, ಈಗ ಅಂಜತಾಳ. ಇನ್ನ ನಾ ನಡಸಂಗಿಲ್ಲ. ವಾಯರ್ ಹಚ್ಚು. ಮನಿತನಕ ನೀ ನಡಸು, ನಾ ಬಾಜೂಕ ಕುಂದರತೀನಿ."

ವಾಯರ್ ಹಚ್ಚಿದೆ. ಮೂರೂ ಮಂದಿ ಕುಂತ್ವಿ, ನಡುವ ಚಿಗವ್ವ. ಚಾವಿ ತಿರುವಿದೆ, ಗಾಡಿ ಎದ್ದಿತು. ಕಾಕಾ ಡ್ಯಾಶ್‌ಬೋರ್ಡ್ ಮ್ಯಾಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ರು, ತಲಿ ಒಂದೀಟು ವಾಲಿಸಿದ್ರು, ಮೊದಲನೇ ದಿನದಂಗ. ಅದನ್ನ ನೋಡಿ ನನ್ನ ಕಣ್ಣಾಗ ನೀರು ತುಂಬಿ ಮುಂದಿನ ರಸ್ತಾ ಕಾಣಲಿಲ್ಲ. ಏನ್ ಮಾಡಾಕತ್ತೀನಿ ಅನ್ನೋ ಖಬರಿಲ್ಲದ ಮತ್ತೊಮ್ಮೆ ಚಾವಿ ತಿರುವಿದೆ.

ಕಿರ್ರ್ ಅಂತು. ಗಿರಣಿಯವ ಹೊರಗ ಬಂದ.

ಚಿಗವ್ವನ ಕೈ ರೂಢಿ ತಪ್ಪದಂಗ ಬಂದು ನನ್ನ ತೊಡಿ ಚೂಟಿತು. ಕಾಕಾ ಡ್ಯಾಶ್‌ಬೋರ್ಡ್ ಮ್ಯಾಲಿಂದ ಕೈ ತೆಗೀದ, ಕಣ್ಣೂ ತೆಗೀದ ಹೇಳಿದ್ರು:

"ತಮ್ಮಾ, ಗಾಡಿ ಚಾಲೂ ಐತಿ. ನಿನಗೂ ಕಿವಿ ಹೋದುವೇನು?"