ಡಿಸ್ಕಿನೊಳಗಿದ್ದ ಬದನೆಕಾಯಿ

ಯಾವುದೇ ವಿಷಯದಲ್ಲಿ ಅರ್ಧ ತಿಳಿದವನಿಗೆ ಇರುವಷ್ಟು ಧೈರ್ಯ ಪೂರ್ತಿ ತಿಳಿದವನಿಗೆ ಇರುವುದಿಲ್ಲ. ಇದನ್ನು ನಾನು ಬೇರೆಯವರನ್ನು ನೋಡಿ ಕಲಿತದ್ದಲ್ಲ. ಮೂಡಲಗಿಯ ನಮ್ಮ ಪ್ರೌಢಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಗುಂಡಿ ಎಲ್ಲಿದೆಯೆಂದು ಹುಡುಕಿ ಒತ್ತಿದವನು ನಾನು. ಅಂದಿನಿಂದ ಇಡೀ ಓಣಿಗೆ ನಾನೇ ಕಂಪ್ಯೂಟರ್ ಮಾಸ್ತರ. ಕಲಿಸುವುದು ಗಣಿತ ಎಂಬುದು ನನಗೂ ಆಗಾಗ ಮರೆಯುತ್ತದೆ. ಯಾರ ಮನೆಯ ಪ್ರಿಂಟರ್ ಕೆಟ್ಟರೂ ಕರೆಯುತ್ತಾರೆ. ಹೋಗಿ, ಆಫ್ ಮಾಡಿ ಆನ್ ಮಾಡಿ, ಚಹಾ ಕುಡಿದು ಬರುತ್ತೇನೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದಾಗ "ಇದು ಕಂಪನಿಯ ದೋಷ" ಎಂದು ಎದ್ದುಬಿಡುತ್ತೇನೆ.

ನನ್ನ ಹೆಂಡತಿ ಸುವರ್ಣಾ ಹಾಗಲ್ಲ. ನಲವತ್ತು ದಾಟಿದ ಮೇಲೆ ದಿನಾ ಬಸ್ಸಿನಲ್ಲಿ ಅರಭಾವಿಯ ತೋಟಗಾರಿಕೆ ಕಾಲೇಜಿಗೆ ಓಡಾಡಿ ಬದನೆಯ ಮೇಲೆ ಸಂಶೋಧನೆಗೆ ನಿಂತವಳು. ನಾಲ್ಕು ವರ್ಷ ಕುಲಗೋಡ, ಕೌಜಲಗಿಯ ಹೊಲಗಳಲ್ಲಿ ಬಿಸಿಲಿಗೆ ಕೂತು ಒಂದೊಂದು ಗಿಡದ ಎತ್ತರ, ಕಾಯಿಯ ತೂಕ, ಹುಳುವಿನ ಕಾಟ ಎಲ್ಲವನ್ನೂ ಬರೆದುಕೊಂಡಿದ್ದಳು. ಅಷ್ಟೂ ವರ್ಷ ನಮ್ಮ ಮನೆಯಲ್ಲಿ ಎಣಗಾಯಿಗೆ ಬರವಿರಲಿಲ್ಲ. ಬರೆದ ಅಧ್ಯಾಯಗಳು, ರಾಶಿ ಫೋಟೋಗಳು ಎಲ್ಲವೂ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. "ಇನ್ನೊಂದ್ ಕಡೆ ಕಾಪಿ ಮಾಡಿ ಇಡೂನ್ರಿ" ಎಂದು ಅವಳು ಎರಡು ಸಲ ಹೇಳಿದ್ದಳು. "ನಾ ಇರೂತನಕ ನಿನಗ್ಯಾಕ ಚಿಂತಿ?" ಎಂದವನು ನಾನೇ.

ದಸರಾ ಮುಗಿದು, ಪ್ರಬಂಧ ಒಪ್ಪಿಸಲು ಎಂಟು ದಿನ ಉಳಿದಿರುವಾಗ ಅವಳು ಡಿಸ್ಕನ್ನು ಜೋಡಿಸಿದಳು. ಅದರ ನೀಲಿ ದೀಪ ಮಿನುಗಿತು. ಕಂಪ್ಯೂಟರ್ ಮಾತ್ರ ಇದು ಯಾರೋ ಗೊತ್ತಿಲ್ಲ ಎಂದು ಮುಖ ತಿರುಗಿಸಿತು. ನಾನು ವಯರ್ ಬದಲಿಸಿದೆ, ತೂತು ಬದಲಿಸಿದೆ, ಆಫ್ ಮಾಡಿ ಆನ್ ಮಾಡಿದೆ, ಶಾಲೆಯ ಕಂಪ್ಯೂಟರಿಗೂ ಹಾಕಿ ನೋಡಿದೆ. ಅಲ್ಲೂ ಅದೇ ಹಾಡು. ವಿದ್ಯೆ ಮುಗಿದಲ್ಲಿ ಬೈಗುಳ ಶುರು ತಾನೇ? "ಬಸ್ಸಿನ್ಯಾಗ ಡಿಸ್ಕ್ ಊಟದ ಡಬ್ಬಿ ಕೂಡ ಒಂದ ಚೀಲದಾಗ ಒಗದಿರ್ತಿ, ಇನ್ನೇನಾಗ್ತೈತಿ!" ಎಂದೆ. ಹುಕ್ಕೇರಿಯ ನನ್ನ ಷಡ್ಡಕ ಫೋನಿನಲ್ಲಿ, "ಒಂದಿನ ಫ್ರಿಜ್ಜಿನ್ಯಾಗ ಇಟ್ಟ ನೋಡ್ರಿ" ಎಂದ. ಕೊತ್ತಂಬರಿಗೂ ಮೊಸರಿಗೂ ನಡುವೆ ನಾನಿಟ್ಟ ಡಿಸ್ಕನ್ನು ಸುವರ್ಣಾ ಹೊರಗೆ ತೆಗೆದಳು. ಆಮೇಲೆ ಹೊಲದಲ್ಲಿ ಬರೆದುಕೊಂಡಿದ್ದ, ಮಣ್ಣು ಮೆತ್ತಿದ ತನ್ನ ವಹಿಗಳನ್ನೆಲ್ಲ ತಂದು ಮೊದಲ ಗಿಡದಿಂದ ಟೈಪು ಮಾಡಲು ಕೂತಳು. "ಡಿಸ್ಕ್ ಬರಲಿ, ಬಿಡಲಿ. ಗಿಡಾ ಎಲ್ಲಾ ನನಗ ನೆನಪದಾವ್ರಿ" ಎಂದಳು. ಎಂಟು ದಿನದಲ್ಲಿ ಅದು ಮುಗಿಯುವ ಮಾತಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳ ಮೇಲೆ ಹೆಮ್ಮೆ, ನನ್ನ ಮೇಲೆ ನಾಚಿಕೆ, ಎರಡೂ ಒಟ್ಟಿಗೇ ಬಂದವು.

ಮರುದಿನ ಗೋಕಾಕಿನ ದಸ್ತಗೀರ್ ಚಾಚಾ ಅವರ ಅಂಗಡಿಗೆ ಹೋದೆವು. ಅವರು ಮೂಲತಃ ಗಡಿಯಾರ ರಿಪೇರಿಯವರು. ಜನ ಗಡಿಯಾರ ಕಟ್ಟುವುದು ಬಿಟ್ಟ ಮೇಲೆ ಕಂಪ್ಯೂಟರ್ ರಿಪೇರಿಯ ವಿದ್ಯೆಯನ್ನು ತಾವೇ ಕಲಿತವರು. ಡಿಸ್ಕಿಗೆ ವಯರ್ ಚುಚ್ಚಿ, ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. "ಜೀವ ಐತ್ರಿ. ಒಳಗ ಚಲೋ ತಿರಗಾಕತ್ತೈತಿ" ಎಂದರು. ನಂತರ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ವಯರ್ ಚುಚ್ಚುವ ಕಿಂಡಿಯನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದರು: "ಮಾಸ್ತರ, ಈ ಸಲ ಮನ್ಯಾಗ ಖಂಡೇ ಪೂಜಿ ಜೋರ್ ಆತೇನ್ರಿ?"

ಸುವರ್ಣಾ ನನ್ನ ಕಡೆ ತಿರುಗಿದಳು. ದಸರೆಯ ಆ ಆಯುಧಪೂಜೆ ಮಾಡಿದವನು ನಾನು. ಕುಡಗೋಲು, ಸ್ಕೂಟರ್, ಮಿಕ್ಸರ್ ಎಲ್ಲಕ್ಕೂ ಕುಂಕುಮ ಹಚ್ಚಿ, ಇಷ್ಟೊಂದು ವಿದ್ಯೆ ಹೊತ್ತ ಡಿಸ್ಕನ್ನು ಬಿಟ್ಟರೆ ಸರಸ್ವತಿಗೇ ಅಪಚಾರವೆಂದು ಅದಕ್ಕೂ ನೀರಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಮೆತ್ತಿದ್ದೆ. ಅದರ ಹಣೆ ಯಾವುದೆಂದು ತಿಳಿಯದೆ ಕಿಂಡಿಯಿದ್ದ ಕಡೆಗೇ ಹಚ್ಚಿದ್ದೆ. ಮರುದಿನ ಮೇಲೆ ಮೇಲೆ ಒರೆಸಿಯೂ ಇಟ್ಟಿದ್ದೆ.

"ಊಟದ ಡಬ್ಬಿ ಕೂಡ ಒಗದಿದ್ನಲ್ಲ, ಅದಕ್ಕ ಕೆಂಪಾಗೇತಿ ಬಿಡ್ರಿ" ಎಂದಳು ಸುವರ್ಣಾ.

ಚಾಚಾ ನಗಲಿಲ್ಲ. ಅದು ಅವರ ದೊಡ್ಡತನ. "ಹಚ್ಚೂದು ನಿಮ್ಮ ಭಕ್ತಿ, ತೆಗಿಯೂದು ನಮ್ಮ ಕೆಲಸ" ಎಂದು ವಯರ್ ಕಿತ್ತು, ಸೂಜಿಯ ತುದಿಗೆ ಸ್ಪಿರಿಟ್ ಅದ್ದಿದ ಹತ್ತಿ ಸುತ್ತಿ, ಒಣಗಿದ ಕುಂಕುಮವನ್ನು ಚೂರುಚೂರಾಗಿ ಬಿಡಿಸತೊಡಗಿದರು. ಅರ್ಧ ಗಂಟೆ ಆ ಮುದಿ ಕೈ ಒಮ್ಮೆಯೂ ನಡುಗಲಿಲ್ಲ. ನೋಡುತ್ತ ನೋಡುತ್ತ ನನ್ನ ಅಪರಾಧವೇ ನನಗೆ ಮರೆತುಹೋಯಿತು. ಕೊನೆಗೆ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ತುಂಬ ಬದನೆಕಾಯಿ! "ಚಾಚಾ, ಎಲ್ಲಾ ಅದಾವ್ರಿ" ಎಂದು ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಾಚಾ ಅಲ್ಲೇ ಎರಡು ಕಾಪಿ ಮಾಡಿಕೊಟ್ಟರು. "ಒಂದು ನಿಮ್ಮ ಕಡೆ ಇರಲಿ ಅಕ್ಕಾರ," ಎಂದು ನನ್ನ ಮುಖ ಒಮ್ಮೆ ನೋಡಿ, "ಇನ್ನೊಂದು ತವರಮನ್ಯಾಗ ಇಡ್ರಿ" ಎಂದರು.

ಪ್ರಬಂಧ ಹೇಳಿದ ದಿನವೇ ಒಪ್ಪಿಸಿದ್ದಾಯಿತು. ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿದ್ದರು, ಹೊಲ ಕೊಟ್ಟ ರೈತರಿದ್ದರು, ದಸ್ತಗೀರ್ ಚಾಚಾ ಇದ್ದರು. ನನ್ನನ್ನು ಕಟ್ಟಕಡೆಯ ಸಾಲಿನಲ್ಲಿ ಹುಡುಕಿಕೊಂಡೆ: "ಕೊನೆಯ ಆರು ದಿನ ಕಂಪ್ಯೂಟರ್ ಇದ್ದ ಕೋಣೆಗೆ ಕಾಲಿಡದೆ ಸಹಕರಿಸಿದ ನನ್ನ ಪತಿಗೂ ಕೃತಜ್ಞತೆಗಳು." ಮನೆಗೆ ಯಾರೇ ಬರಲಿ, ಆ ಪುಟವನ್ನು ನಾನೇ ತೆರೆದು ತೋರಿಸುತ್ತೇನೆ. ಸಾಲಿನ ಮೊದಲ ಅರ್ಧದ ಮೇಲೆ ಹೆಬ್ಬೆರಳು ಇಟ್ಟು.