ಉಪವಾಸದ ಯೀಸ್ಟೂ ನನ್ನ ಮಾನವೂ

ಮಾನ ಹೋಗುವುದು ಕೆಲವರಿಗೆ ಜನ್ಮಕ್ಕೊಮ್ಮೆ. ನನಗೆ ಕುಂದಾಪುರದ ಸಂತೆಯ ಹಾಗೆ, ವಾರಕ್ಕೊಮ್ಮೆ, ತಪ್ಪದೆ. ಹೋದ ವರ್ಷ ಬ್ರಹ್ಮಾವರದ ಹತ್ತಿರದ ಕಾಲೇಜೊಂದರ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದ ಮೇಲಂತೂ ಕಣ್ಣಿಗೆ ಕಾಣದ ಜೀವಿಯ ಕೈಯಲ್ಲೂ ಮಾನ ಕಳೆದುಕೊಂಡೆ.

ನಾನು ಓದಿದ್ದು ಹತ್ತನೇ ಕ್ಲಾಸು. ಬಾಯಿ ಮಾತ್ರ ಅದಕ್ಕಿಂತ ಬಹಳ ಮುಂದೆ ಹೋಗಿದೆ. ಮೊದಲು ಗೇರುಬೀಜದ ಕಾರ್ಖಾನೆಯಲ್ಲಿದ್ದೆ. ಬೀಜದ ಸಿಪ್ಪೆಯ ಎಣ್ಣೆಗೆ ಬೆರಳು ಸುಟ್ಟು ಕಪ್ಪಾಗಿ, ಮಗಳು ನನ್ನ ಕೈತುತ್ತು ಕಂಡರೆ ಮುಖ ತಿರುಗಿಸುತ್ತಿದ್ದಳು. ಲ್ಯಾಬಿನವರು, "ಆರು ತಿಂಗಳು ನೋಡ್ತೇವೆ. ಮೇಡಂ ಒಳ್ಳೆಯ ಮಾತು ಬರೆದುಕೊಟ್ಟರೆ ಕಾಯಂ" ಎಂದಿದ್ದರು. ಬರೆದುಕೊಡದಿದ್ದರೆ ಮತ್ತೆ ಗೇರುಬೀಜ. ಹಾಗಾಗಿ ಆ ಆರು ತಿಂಗಳು ನಾನು ಬಹಳ ಹುಷಾರಾಗಿದ್ದೆ. ಹುಷಾರಾಗಿದ್ದೂ ಇಷ್ಟಾಯಿತು.

ಒಂದು: ಫಳಫಳ

ಮೊದಲ ವಾರ. ಮೇಜಿನ ಮೇಲೆ ಮುಚ್ಚಳದ ಗಾಜಿನ ತಟ್ಟೆಗಳು ಸಾಲಾಗಿದ್ದವು. ತೆರೆದು ನೋಡಿದರೆ ಒಳಗೆ ಗಂಜಿ ಗಟ್ಟಿಯಾದ ಹಾಗೆ ಏನೋ, ಅದರ ಮೇಲೆ ದೋಸೆ ಹಿಟ್ಟು ಹಾರಿದಂಥ ಬಿಳಿ ಚುಕ್ಕಿ. ವಾಸನೆಯೂ ಹುಳಿ ಬಂದ ಹಿಟ್ಟಿನದೇ. ಅಯ್ಯೋ, ಓದಿದವರ ಮನೆಯಲ್ಲೂ ಪಾತ್ರೆ ಹೀಗೆ ಹಳಸುತ್ತದಲ್ಲ ಎಂದುಕೊಂಡು ಅಷ್ಟನ್ನೂ ಬಿಸಿನೀರಿನಲ್ಲಿ ತಿಕ್ಕಿ, ಒರೆಸಿ, ಕಿಟಕಿಯ ಬಿಸಿಲಿಗೆ ಇಟ್ಟೆ.

ಲ್ಯಾಬ್ ನೋಡಿಕೊಳ್ಳುವ ಮೇಡಂ ಬಂದರು. ಮೇಜು ನೋಡಿದರು, ಕಿಟಕಿ ನೋಡಿದರು.

"ಇದರಲ್ಲಿದ್ದದ್ದು?"

"ಹಳಸಿತ್ತು ಮೇಡಂ. ಹುಳುಗಿಳು ಆಗುವ ಮೊದಲೇ ತೆಗೆದೆ."

ಅವರು ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದರು. "ಅದು ಯೀಸ್ಟ್. ನನ್ನ ಹನ್ನೊಂದು ದಿನದ ಕೆಲಸ." ಬಿಕ್ಕಿದ ಹಾಗೆ ಒಂದು ಉಸಿರು ಬಿಟ್ಟು ಹೇಳಿದರು: "ಆದ್ರೂ ಒಂದು ಮಾತು. ಈ ಲ್ಯಾಬಿನಲ್ಲಿ ಇಷ್ಟು ಚೆನ್ನಾಗಿ ಇದುವರೆಗೆ ಯಾರೂ ತೊಳೆದಿಲ್ಲ."

ಎರಡು: ಬಸ್ಸಿನ ಸೀಟು

ಮೇಡಂ ಒಳ್ಳೆಯವರು. ಮತ್ತೆ ಹಾಗಾಗಬಾರದೆಂದು ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. ಯೀಸ್ಟಿನ ಒಳಗೆ, ಊಟ ಇದೆಯೋ ಇಲ್ಲವೋ ಎಂದು ನೋಡುತ್ತಲೇ ಇರುವ ಒಂದು ಏರ್ಪಾಡಿದೆಯಂತೆ. ಊಟ ಇದ್ದರೆ 'ಬೆಳೆ' ಅನ್ನುತ್ತದೆ. ಇಲ್ಲದಿದ್ದರೆ 'ನಿಲ್ಲು, ಹಳೆಯದನ್ನು ಸರಿಮಾಡಿಕೋ' ಅನ್ನುತ್ತದೆ. ನನಗೆ ಕೂಡಲೇ ಅರ್ಥವಾಯಿತು. ನಮ್ಮ ಯಜಮಾನರು ಬೋಟಿಗೆ ಹೋಗುವವರು. ಮೀನು ಬೀಳುವಾಗ ಹರಿದ ಬಲೆಯನ್ನು ಯಾರೂ ನೋಡುವುದಿಲ್ಲ. ಮಳೆಗಾಲದಲ್ಲಿ ಬೋಟು ದಡಕ್ಕೆ ಬಂದ ಮೇಲೆಯೇ ಬಲೆ ರಿಪೇರಿ. ಮನುಷ್ಯರ ಮೈಯಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು. ಅದು ಕೆಟ್ಟರೆ ಕ್ಯಾನ್ಸರ್, ಸಕ್ಕರೆ ಕಾಯಿಲೆಯಂಥವಕ್ಕೆ ದಾರಿ. ಅದಕ್ಕೇ ಯೀಸ್ಟಿನಲ್ಲಿ ಹುಡುಕುವುದು. "ಆದರೆ ಯೀಸ್ಟಿನಲ್ಲಿ ಕಂಡದ್ದು ಮನುಷ್ಯರವರೆಗೆ ಬರಲು ಬಹಳ ದೂರ ಇದೆ" ಎಂದೂ ಹೇಳಿದರು. ಆಗ ನನ್ನ ಕಣ್ಣು ಗಡಿಯಾರದ ಮೇಲಿತ್ತು, ಬಸ್ಸಿಗೆ ಹೊತ್ತಾಗಿತ್ತು.

ಮರುದಿನ ಬೆಳಿಗ್ಗೆ ತೆಕ್ಕಟ್ಟೆಯಲ್ಲಿ ಬುಟ್ಟಿ ಸಮೇತ ಹತ್ತಿದ ಮೀನಿನ ಹೆಂಗಸು ಕೇಳಿದಳು, "ಎಂತ ಹೆಣೆ, ದಿನಾ ಬ್ರಹ್ಮಾವರಕ್ಕೆ ಎಂತಕ್ಕೆ ಹೋತೆ?"

"ಸಂಶೋಧನೆ" ಎಂದೆ. ಬಾಯಿಗೆ ಅದು ಬಂತು, ನಾನೇನು ಮಾಡಲಿ? "ಸಕ್ರೆ ಕಾಯಿಲೆ, ಕ್ಯಾನ್ಸರ್ ಎಲ್ಲ ಎಲ್ಲಿಂದ ಸುರುವಾತ್ತ್ ಅಂದ್ ಕಾಂತೊ."

ಅವಳು ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡಿದಳು. "ಸಂಶೋಧನೆ ಮಾಡುವರ ಕೈ ಹಿಂಗೆ ಸಾಬೂನ್ ನೀರಂಗೆ ಬೆಂದ್ ಹೋತ್ತಾ?" ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ, "ಹ್ವಾಯ್ ಕಂಡಕ್ಟ್ರೆ, ಈ ಡಾಕ್ಟ್ರಮ್ಮಂಗೆ ಒಂದ್ ಸೀಟ್ ಮಾಡಿ ಕೊಡಿ!"

ಅಂದಿನಿಂದ ಆ ಬಸ್ಸಿನಲ್ಲಿ ನನಗೆ ದಿನಾ ಸೀಟು ಸಿಗುತ್ತದೆ. ಬೇಡವೆಂದರೂ ಬಿಡುವುದಿಲ್ಲ.

ಮೂರು: ಕೇಳಿದ ಒಂದೇ ಮಾತು

ಇದನ್ನು ಬರೆಯುವಾಗ ಈಗಲೂ ಮೈ ಕುಗ್ಗುತ್ತದೆ. ನಮ್ಮತ್ತೆಗೆ ಸಕ್ಕರೆ ಕಾಯಿಲೆ. ಒಂದು ದಿನ ಅವರ ಮುಂದೆ ನನ್ನ ವಿದ್ಯೆಯನ್ನೆಲ್ಲ ಬಿಚ್ಚಿದೆ. "ಅತ್ತೆ, ಹಸ್ದ್ರೆ ಒಳ್ಳೇದ್. ಹಸ್ದಾಗ ಮೈಯೇ ತನ್ನ ಬಲೆ ರಿಪೇರಿ ಮಾಡ್ಕಂತ್."

ಮದುವೆಯಾಗಿ ಬಂದಂದಿನಿಂದ ಅವರು ನನ್ನ ಒಂದು ಮಾತನ್ನೂ ಕೇಳಿದವರಲ್ಲ. ಇದೊಂದನ್ನು ಕೇಳಿದರು.

ಮೂರನೇ ದಿನ ಬೆಳಿಗ್ಗೆ, ಮಾತ್ರೆ ನುಂಗಿ ಗಂಜಿ ಬಿಟ್ಟು ನೀರು ಸೇದಲು ಹೋದವರು ಬಾವಿಕಟ್ಟೆಯ ಹತ್ತಿರ ಕುಸಿದು ಕೂತರು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ರಿಕ್ಷಾದಲ್ಲಿ ಕೋಟೇಶ್ವರಕ್ಕೆ ಹೊತ್ತುಕೊಂಡು ಹೋದೆವು. ದಾರಿಯುದ್ದಕ್ಕೂ ನಾನು ಅಳುತ್ತಲೇ ಇದ್ದೆ.

ಡಾಕ್ಟರು ಸರಿಮಾಡಿದ ಮೇಲೆ ಕೇಳಿದರು, "ಮಾತ್ರೆ ತಗೊಂಡು ಊಟ ಬಿಡುವ ಬುದ್ಧಿ ಹೇಳಿದ್ದು ಯಾರು?"

ಅತ್ತೆ ಪೂರ್ತಿ ಕಣ್ಣೂ ಬಿಡದೆ, ಹೆಮ್ಮೆಯಿಂದ ಬೆರಳು ತೋರಿಸಿದರು. "ನಮ್ಮ ಸೊಸೆ. ದೊಡ್ಡ ಲ್ಯಾಬಂಗಿತ್ಲ್."

"ಏನು ಕೆಲಸ ನಿಮ್ಮದು?"

"ಗಾಜು ತೊಳೆಯೂದು ಸರ್."

"ಅದನ್ನೇ ತೊಳೆಯಿರಿ. ಅತ್ತೆಯ ಹೊಟ್ಟೆ ತೊಳೆಯಬೇಡಿ."

ನಾಲ್ಕು: ಸೆರಗಿನ ಗಂಟು

ತಲೆ ತಿರುಗಿದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಲು ಸ್ವಲ್ಪ ಸಕ್ಕರೆ ಹತ್ತಿರ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅತ್ತೆ ಅದನ್ನು ಕಾಗದದಲ್ಲಿ ಸುತ್ತಿ ಸೆರಗಿನ ತುದಿಗೆ ಕಟ್ಟಿಕೊಂಡರು.

ಆರನೇ ತಿಂಗಳ ಕೊನೆ. ಒಂದು ಶನಿವಾರ ರಕ್ತ ಪರೀಕ್ಷೆಗೆಂದು ಬ್ರಹ್ಮಾವರಕ್ಕೆ ಬಂದ ಅತ್ತೆಯನ್ನು, ನನ್ನ ಕೆಲಸ ಮುಗಿಯುವವರೆಗೆ ಲ್ಯಾಬಿನ ಸ್ಟೂಲಿನ ಮೇಲೆ ಕೂರಿಸಿದೆ. ನನಗೆ ತೋರಿಸಿಕೊಳ್ಳುವ ಚಟ. "ಅತ್ತೆ, ಈ ಸಾಲಿನ ಬಾಟ್ಲಿಯವಕ್ಕೆ ಊಟ ಇತ್ತ್. ಆ ಸಾಲಿನವಕ್ಕೆ ಇಲ್ಲೆ. ಹಸ್ದ್ಕಂಡೇ ಇಪ್ಪುದ್."

"ಪಾಪವೇ! ಎಷ್ಟ್ ದಿನ್ದಿಂದ?"

"ಎಂಟ್ ದಿನ ಆಯ್ತ್" ಎಂದು ಹೇಳಿ ತೊಳೆಯಲು ಒಳಗೆ ಹೋದೆ.

ಸೋಮವಾರ ಮೇಡಂ ಹಿಗ್ಗಿ ಕೂಗುತ್ತಿದ್ದರು. ಹಸಿದ ಸಾಲಿನ ಒಂದು ಬಾಟಲಿ ಮೊಸರು ಕಲಕಿದ ಹಾಗೆ ದಪ್ಪವಾಗಿತ್ತು. "ಊಟ ಇಲ್ಲದೆ ಬೆಳೆದಿದೆ ನೋಡಿ!" ಎಂದು ವಿದ್ಯಾರ್ಥಿಗಳನ್ನೆಲ್ಲ ಕರೆದರು. ಅವರ ದೊಡ್ಡ ಪ್ರೊಫೆಸರಿಗೆ ಬರೆಯಬೇಕು ಎಂದರು. ಆ ಖುಷಿಯಲ್ಲೇ ನನ್ನ ಕಡೆ ತಿರುಗಿ, "ನಿಮ್ಮ ಕಾಗದ ನಾಳೆ ಬರೆದುಕೊಡ್ತೇನೆ" ಎಂದರು.

ಸಂಜೆ ಮನೆಗೆ ಬಂದು ಈ ಪವಾಡ ಹೇಳಿದೆ. ಅತ್ತೆ ಮೀನು ಕೊಯ್ಯುತ್ತ ತಲೆಯೆತ್ತದೆ ಅಂದರು, "ಬೆಳೀದೆ ಎಂತ ಮಾಡುತ್? ಬಾಟ್ಲಿ ಬಾಯಿಯ ಹತ್ತಿ ತೆಗ್ದ್ ನಾನ್ ಸಕ್ರಿ ಹಾಕ್ದೆ ಅಲ್ದಾ? ಎಲ್ಲವಕ್ಕೂ ಹಾಕ್ವ ಅಂದ್ರೆ ಗಂಟಂಗೆ ಅಷ್ಟ್ ಇರ್ಲಿಲ್ಲೆ."

ಕಾಗದ ಕೈಗೆ ಬರುವವರೆಗೆ ಬಾಯಿ ಮುಚ್ಚಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೇರುಬೀಜದ ಎಣ್ಣೆ ನೆನಪಾಯಿತು. ಬಾವಿಕಟ್ಟೆಯಲ್ಲಿ ನಡುಗುತ್ತಿದ್ದ ಅತ್ತೆಯ ಕೈಯೂ ನೆನಪಾಯಿತು. ಸುಳ್ಳು ಬುದ್ಧಿ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೆಳಿಗ್ಗೆ ಮೇಡಂ ಮುಂದೆ ತಲೆ ತಗ್ಗಿಸಿ ಎಲ್ಲ ಹೇಳಿದೆ. ಅವರು ಆ ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು, "ಉಳಿದ ಬಾಟಲಿಗಳನ್ನು ಮುಟ್ಟಿಲ್ಲ ತಾನೆ?"

"ಇಲ್ಲ ಮೇಡಂ. ಸಕ್ಕರೆ ಮುಗಿಯಿತಂತೆ."

ಮೇಡಂ ಮುಖ ಮುಚ್ಚಿಕೊಂಡರು. ಅಳುತ್ತಾರೆಂದುಕೊಂಡೆ. ಭುಜ ಕುಣಿಯಿತು, ನಗುತ್ತಿದ್ದರು. "ದೊಡ್ಡವರ ಮುಂದೆ ನಿಂತು ಹೇಳಿ ಮಾನ ಕಳೆದುಕೊಳ್ಳುವವಳಿದ್ದೆ. ಉಳಿಸಿದಿರಿ." ಮಧ್ಯಾಹ್ನ ಕಾಗದ ಬಂತು. ಎರಡೇ ಸಾಲು: 'ನಡೆದದ್ದನ್ನು ನಡೆದ ಹಾಗೆ ಹೇಳುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಚೆನ್ನಾಗಿ ತೊಳೆಯುತ್ತಾರೆ.'

ನಾನು ಕಾಯಂ ಆದೆ. ಮನೆಗೆ ಬಂದು ಅತ್ತೆಗೆ ಅದನ್ನು ಓದಿ ಹೇಳಿದೆ. ಅವರು ಕಾಗದವನ್ನು ಕೇಳಿಸಿಕೊಳ್ಳಲೇ ಇಲ್ಲ.

"ಅದ್ ಬಿಡ್. ನಾನ್ ಸಕ್ರಿ ಹಾಕಿದ್ವು ಹೆಂಗಿದ್ದೊ?"

ಸುಳ್ಳು ಹೇಳುವುದು ಬಿಟ್ಟಾಗಿತ್ತಲ್ಲ. "ಅವನ್ನ ಲ್ಯಾಬಿನ ದೊಡ್ಡ ಕುಕ್ಕರಂಗೆ ಹಾಕಿ ಬೇಯ್ಸ್ ಕೊಂದ್ ಆಯ್ತ್ ಅತ್ತೆ. ಉಪವಾಸ ಇದ್ದವೇ ಉಳ್ದದ್."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಟ್ಟಲಿಗೆ ಗಂಜಿ ಬಡಿಸಿಕೊಳ್ಳುತ್ತ ಅಂದರು:

"ಹೊಟ್ಟೆ ತುಂಬಿಯೇ ಸತ್ತೊ ಅಲ್ದಾ? ಹಂಗಾರೆ ಅಡ್ಡಿಲ್ಲೆ."